ಹೆಸರೊಂದು, ಮನುಷ್ಯರು ಹಲವರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯೇ. ಕೌಂಟಿಗೊಂದು ಸುಪೀರಿಯರ್ ಕೋರ್ಟು. ಕಾರಣವನ್ನು ಹೇಳದೆಯೇ ಯಾರಾದರೂ ಅಲ್ಲಿಯ ಗುಮಾಸ್ತರಲ್ಲಿಗೆ ಹೋಗಿ ಫೌಜುದಾರಿ ಮೊಕದ್ದಮೆಯ ಕಡತವನ್ನು ನೋಡಬಹುದು. ಮೊಹರು ಮಾಡಿಟ್ಟವೂ ಬಾಲಾಪರಾಧಿಗಳವೂ ಸಾಮಾನ್ಯವಾಗಿ ದೊರೆಯವು. ನಕಲಿಗೆ ಪುಟಕ್ಕೆ ಅರ್ಧ ಡಾಲರು. ಮನೆಯಲ್ಲಿ ಕುಳಿತವರಿಗೆ ಗಣಕಯಂತ್ರದಲ್ಲಿ ಕಾಣುವುದು ಬಹುಮಟ್ಟಿಗೆ ಹೆಸರುಗಳ ಸೂಚಿಯೂ ಕಲಾಪದ ಪಟ್ಟಿಯೂ ಮಾತ್ರ. ಇಷ್ಟು ತೊಡಕಿರುವುದು ಲೇಸೆಂದೇ ನಮಗೆ ತೋರುತ್ತದೆ.

ಹುಟ್ಟಿದ ತಾರೀಖನ್ನು ಹಿಡಿದು ಸೂಚಿಯಲ್ಲಿ ಹುಡುಕಗೊಡಬಾರದೆಂದು 2021ರಲ್ಲಿ, ರಿವರ್‌ಸೈಡ್ ಕೌಂಟಿಯ ವ್ಯಾಜ್ಯವೊಂದರಲ್ಲಿ, ಮೇಲಣ ನ್ಯಾಯಾಲಯವು ತೀರ್ಪಿತ್ತಿತು. ಆದುದರಿಂದ ಸೂಚಿಯಲ್ಲಿ ಹೆಸರು ಕಂಡಿತೆಂದು, ಕೆಲಸ ಕೇಳಿ ಬಂದವನನ್ನು ಒಡನೆಯೇ ಹಿಂದಿರುಗಿಸುವುದು ಸಲ್ಲದು. ಆ ಹೆಸರು ಬೇರೊಬ್ಬನದಿರಬಹುದು. ಅವನದೇ ಆಗಿದ್ದರೂ ಕಡತವನ್ನು ತರಿಸಿ ಕೊನೆಯ ಹಾಳೆಯವರೆಗೆ ಓದಬೇಕು. ಅವನು ನಿರ್ದೋಷಿಯೆಂಬ ತೀರ್ಪು ಅಲ್ಲಿಯೇ ಇದ್ದೀತು.