ಉಪಗ್ರಹಕ್ಕೆ ಬಿರುಗಾಳಿಯ ಭಯವಿಲ್ಲ

2021ರ ಆಗಸ್ಟ್ 29ರಂದು ಅಮೆರಿಕದ ಲೂಸಿಯಾನ ರಾಜ್ಯದ ಕರಾವಳಿಗೆ ‘ಐಡಾ’ ಚಂಡಮಾರುತ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್. ಮಿಸಿಸಿಪ್ಪಿ ನದಿಯ ದಡದಲ್ಲಿ ತಂತಿ ಹೊತ್ತು ನಿಂತಿದ್ದ ದೊಡ್ಡ ಗೋಪುರವೊಂದು ಮುದುಡಿ ಬಿತ್ತು. ನ್ಯೂ ಆರ್ಲಿಯನ್ಸ್ ನಗರಕ್ಕೆ ವಿದ್ಯುತ್ ತರುತ್ತಿದ್ದ ಎಂಟೂ ಮುಖ್ಯ ಮಾರ್ಗಗಳು ಕೈಕೊಟ್ಟು ಊರಿಗೆ ಊರೇ ಕತ್ತಲಾಯಿತು. ಆ ಹೊತ್ತಿನಲ್ಲೂ ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿ ತಮ್ಮ ಪಾಡಿಗೆ ತಾವು ಸುತ್ತುತ್ತಿದ್ದವು. ಚಂಡಮಾರುತದ ಆಟವೆಲ್ಲ ನೆಲದಿಂದ ಹದಿನೈದು ಕಿಲೋಮೀಟರ್ ಆಸುಪಾಸಿನೊಳಗೇ ಮುಗಿಯುತ್ತದೆ. ಮಳೆಮೋಡವೂ ಉಪಗ್ರಹಗಳ ರೇಡಿಯೊ ಸಂಕೇತಕ್ಕೆ ದೊಡ್ಡ ಅಡ್ಡಿಯಲ್ಲ.

ಕೆಡುವುದೇನಿದ್ದರೂ ನೆಲದ ಮೇಲಿನ ಸರಂಜಾಮು.

ನಮ್ಮ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಆಟೊ ಕರೆಸಲು ಅಷ್ಟು ಸಾಕು. ಪ್ರವಾಹ ತಡೆಯುವ ಏರಿಯ ಎತ್ತರ ಅಳೆಯಲು, ಕಬ್ಬಿನ ಗದ್ದೆಯಲ್ಲಿ ಟ್ರ್ಯಾಕ್ಟರನ್ನು ಸಾಲು ತಪ್ಪದಂತೆ ಓಡಿಸಲು ಸಾಲದು. ಸಂಕೇತ ಹೊರಟು ಬರಲು ಹಿಡಿದ ಸಮಯದಿಂದಲೇ ದೂರದ ಲೆಕ್ಕ ಹಾಕುವುದರಿಂದ, ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಹೆಚ್ಚುಕಡಿಮೆಯಾದರೂ ದೂರ 30 ಸೆಂಟಿಮೀಟರ್ ತಪ್ಪುತ್ತದೆ. ಉಪಗ್ರಹದ ಗಡಿಯಾರ ತುಸು ಜಾರುತ್ತದೆ, ಕಕ್ಷೆಯ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ, ವಾತಾವರಣದ ಮೇಲಿನ ವಿದ್ಯುದಾವೇಶದ ಪದರವಾದ ಅಯಾನುಗೋಳವೂ ಗಾಳಿಯಲ್ಲಿರುವ ನೀರಾವಿಯೂ ಸಂಕೇತವನ್ನು ತಡಮಾಡಿಸುತ್ತವೆ.

ಇದಕ್ಕೆ ಮದ್ದು ಬೇಸ್ ಸ್ಟೇಷನ್. ಅಲುಗದ ಕಂಬದ ಮೇಲೆ ಆಂಟೆನಾ ಕೂರಿಸಿ, ಅದರ ಜಾಗವನ್ನು ಮೊದಲೇ ಕರಾರುವಾಕ್ಕಾಗಿ ಗುರುತಿಸಿಟ್ಟಿರುತ್ತಾರೆ. ತೂಕ ಗೊತ್ತಿರುವ ಕಲ್ಲನ್ನಿಟ್ಟು ತಕ್ಕಡಿಯ ದೋಷ ಕಂಡುಹಿಡಿಯುವ ಹಾಗೆ, ಉಪಗ್ರಹಗಳು ಹೇಳುವ ಜಾಗಕ್ಕೂ ನಿಜವಾದ ಜಾಗಕ್ಕೂ ಇರುವ ವ್ಯತ್ಯಾಸವನ್ನು ಅದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ಸರ್ವೇಯರನ ತಲೆಯ ಮೇಲಿರುವುದೂ ಹೆಚ್ಚುಕಡಿಮೆ ಅದೇ ಆಕಾಶ. ಆ ತಿದ್ದುಪಡಿ ಮೊಬೈಲ್ ಜಾಲದ ಮೂಲಕ ಅವನಿಗೆ ತಲುಪಿತೆಂದರೆ ಅಳತೆ ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ಸರ್ವೇಯರುಗಳು ‘ಕಾರ್ಸ್’ ಎನ್ನುವುದು ಇಂಥ ಕೇಂದ್ರಗಳಿಗೇ. ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ ‘ಗಲ್ಫ್‌ನೆಟ್’ ಎಂಬ ಹೆಸರಿನಲ್ಲಿ ಇವುಗಳ ಜಾಲವೊಂದನ್ನು ನಡೆಸುತ್ತದೆ.

ಹತ್ತಿರ ಹೋದರೆ ನೋಡಲು ಅಂಥದ್ದೇನಿಲ್ಲ. ಬಿಳಿ ಟೊಪ್ಪಿಗೆಯ ಕೆಳಗೆ ಒಂದರೊಳಗೊಂದು ಅಲ್ಯೂಮಿನಿಯಂ ಬಳೆಗಳಿರುವ ತಟ್ಟೆ. ನೆಲಕ್ಕೋ ಗೋಡೆಗೋ ಬಡಿದು ಬರುವ ಕಳ್ಳ ಸಂಕೇತಗಳನ್ನು ತಡೆಯುವುದು ಆ ಬಳೆಗಳ ಕೆಲಸ. ಕೆಳಗಿನ ಪೆಟ್ಟಿಗೆಯಲ್ಲಿ ರಿಸೀವರ್, ಬ್ಯಾಟರಿ, ಮೋಡೆಮ್, ಸಿಡಿಲಿನಿಂದ ಕಾಯುವ ಸಾಧನ. ಚಂಡಮಾರುತಕ್ಕೆ ಮೊದಲು ಬಲಿಯಾಗುವುದು ಸಾಮಾನ್ಯವಾಗಿ ಆಂಟೆನಾ ಅಲ್ಲ, ಕರೆಂಟು ಮತ್ತು ಮೊಬೈಲ್ ಗೋಪುರ. ಬ್ಯಾಟರಿ ಜೀವ ಹಿಡಿದುಕೊಂಡರೆ ರಿಸೀವರ್ ತನ್ನ ಮೆಮೊರಿಯಲ್ಲಿ ಬರೆದುಕೊಳ್ಳುತ್ತಲೇ ಇರುತ್ತದೆ, ಆಮೇಲೆ ಹೋಗಿ ತರಬಹುದು. ಆದರೆ ತಿದ್ದುಪಡಿ ಹೊರಗೆ ಹೋಗುವುದಿಲ್ಲ. ಒಡೆದ ಏರಿ ಅಳೆಯಬೇಕಾದ, ಹಡಗಿನ ಕಾಲುವೆಯ ಹೂಳು ನೋಡಬೇಕಾದ ದಿನಗಳೇ ಅವು. ಉಕ್ಕಿ ಬರುವ ಸಮುದ್ರದ ನೀರಿಗೆ ಎಟುಕದಷ್ಟು ಎತ್ತರದಲ್ಲಿ ಪೆಟ್ಟಿಗೆ ಇಡಬೇಕು. ಉಪ್ಪುಗಾಳಿಯದು ನಿಧಾನದ ಹಗೆತನ: ಕೇಬಲಿನ ತುದಿಗಳನ್ನು ಅದು ವರ್ಷವಿಡೀ ತಿನ್ನುತ್ತಿರುತ್ತದೆ.

ಸತ್ತ ಕೇಂದ್ರಕ್ಕಿಂತ ತುಸು ವಾಲಿದ ಕೇಂದ್ರ ಅಪಾಯಕಾರಿ. ಸತ್ತದ್ದು ಎಲ್ಲರಿಗೂ ಗೊತ್ತಾಗುತ್ತದೆ. ಕಂಬ ಎರಡು ಸೆಂಟಿಮೀಟರ್ ಬಾಗಿದ್ದು ಗೊತ್ತಾಗದಿದ್ದರೆ ಅದು ಸುತ್ತಲಿನವರಿಗೆಲ್ಲ ಧೈರ್ಯವಾಗಿ ಸುಳ್ಳು ಹಂಚುತ್ತದೆ. ಅದಕ್ಕೇ ಬಿರುಗಾಳಿ ಹಾದುಹೋದ ಮೇಲೆ ನೆರೆಯ ಕೇಂದ್ರಗಳ ಜೊತೆ ತಾಳೆ ನೋಡದೆ ಯಾವುದನ್ನೂ ನಂಬಬಾರದು.

ಲೂಸಿಯಾನದ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿನ ಕರಾವಳಿ ನದಿ ತಂದ ಹೂಳಿನ ಮೇಲೆ ನಿಂತಿದೆ. ಆ ಹೂಳು ಕುಗ್ಗುತ್ತಿದೆ. ಗ್ರ್ಯಾಂಡ್ ಐಲ್ ದ್ವೀಪದ ಮಾಪಕದ ಪ್ರಕಾರ ನೆಲಕ್ಕೆ ಹೋಲಿಸಿದರೆ ಕಡಲು ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏರುತ್ತಿದೆ, ಅದರಲ್ಲಿ ಹೆಚ್ಚಿನ ಪಾಲು ನೆಲದ ಕುಸಿತದ್ದೇ. ಎತ್ತರದ ಗುರುತಿಗೆಂದು ಹಿಂದಿನವರು ನೆಟ್ಟ ಹಿತ್ತಾಳೆಯ ಬೆಂಚ್‌ಮಾರ್ಕುಗಳೂ ಅದರ ಜೊತೆಗೇ ಇಳಿದವು, ಕಾಗದದ ಮೇಲಿನ ಎತ್ತರ ಮಾತ್ರ ಹಾಗೇ ಉಳಿಯಿತು. 2005ರ ‘ಕತ್ರಿನಾ’ ಚಂಡಮಾರುತದ ನಂತರ ನಡೆದ ತನಿಖೆಯಲ್ಲಿ, ನ್ಯೂ ಆರ್ಲಿಯನ್ಸ್‌ನ ಕಾಲುವೆಗಳ ಪ್ರವಾಹ ಗೋಡೆಗಳನ್ನು ಉದ್ದೇಶಿಸಿದ್ದಕ್ಕಿಂತ ಒಂದೆರಡು ಅಡಿ ತಗ್ಗಾಗಿಯೇ ಕಟ್ಟಿದ್ದು ಬಯಲಾಯಿತು. ಎತ್ತರವನ್ನು ಯಾವುದಕ್ಕೆ ಹೋಲಿಸಿ ಅಳೆಯಬೇಕೆಂಬ ಗೊಂದಲವೇ ಅದಕ್ಕೆ ಮುಖ್ಯ ಕಾರಣ. ಬೇಸ್ ಸ್ಟೇಷನ್ ಕೂಡ ನೆಲದೊಂದಿಗೆ ಇಳಿಯುತ್ತದೆ ನಿಜ. ಆದರೆ ತಾನು ಎಷ್ಟು ಇಳಿದೆನೆಂಬುದು ಅದರ ದಿನದಿನದ ದಾಖಲೆಯಲ್ಲೇ ಸಿಗುತ್ತದೆ. ಹಿತ್ತಾಳೆಯ ಬಿಲ್ಲೆಗೆ ಆ ಪ್ರಾಮಾಣಿಕತೆ ಇಲ್ಲ.

ಈ ದಾಖಲೆ ಸರ್ವೇಯರುಗಳಿಗಷ್ಟೇ ಅಲ್ಲ. ನೀರಾವಿಯಿಂದಾಗುವ ತಡವನ್ನು ಅವರು ತೆಗೆದುಹಾಕಲು ಹೆಣಗುತ್ತಾರೆ. ಹವಾಮಾನ ತಜ್ಞರು ಅದನ್ನೇ ಹೆಕ್ಕಿಕೊಂಡು ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕುತ್ತಾರೆ. 2017ರಲ್ಲಿ ‘ಹಾರ್ವಿ’ ಚಂಡಮಾರುತ ಟೆಕ್ಸಸ್‌ನಲ್ಲಿ ಸುರಿಸಿದ ಮಳೆನೀರಿನ ಭಾರಕ್ಕೆ ಹ್ಯೂಸ್ಟನ್ ಸುತ್ತಲಿನ ನೆಲ ಸುಮಾರು ಎರಡು ಸೆಂಟಿಮೀಟರ್ ತಗ್ಗಿ, ನೀರು ಇಳಿದಂತೆ ಮತ್ತೆ ಎದ್ದಿತು. ಅದೂ ತಿಳಿದದ್ದು ಈ ಕಂಬಗಳಿಂದಲೇ.

ಸರ್ವೆ ಆಫ್ ಇಂಡಿಯಾ ನಮ್ಮಲ್ಲೂ ಕಾರ್ಸ್ ಜಾಲ ಹರಡಿದೆ, ಕರ್ನಾಟಕದಲ್ಲೂ ಕೇಂದ್ರಗಳಿವೆ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ದೂರದ ಕಡಲಲ್ಲಿ ಹಾದುಹೋಗುತ್ತಲೇ ನಮ್ಮ ಕರಾವಳಿಯ ಮೂರೂ ಜಿಲ್ಲೆಗಳನ್ನು ಕಂಗೆಡಿಸಿತ್ತು. ಹಾಗಾಗಿ ಕಡಲ ಬದಿಯ ಕೇಂದ್ರಕ್ಕೆ ಖರ್ಚು ಮಾಡುವುದಾದರೆ ದುಬಾರಿ ಆಂಟೆನಾಕ್ಕಿಂತ ಮೊದಲು ಹಲವು ದಿನ ಬಾಳುವ ಬ್ಯಾಟರಿಗೂ ಎರಡನೆಯದೊಂದು ಸಂಪರ್ಕಕ್ಕೂ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಇನ್ನು ನಿಮ್ಮೂರಿನ ಸರ್ಕಾರಿ ಕಚೇರಿಯ ತಾರಸಿಯಲ್ಲೋ ಆವರಣದಲ್ಲೋ ಬಿಳಿ ಟೊಪ್ಪಿಗೆಯ ಇಂಥ ಕಂಬ ಕಂಡರೆ ಅದರ ಪಕ್ಕ ನೀರಿನ ಟ್ಯಾಂಕ್, ಸೋಲಾರ್ ಹೀಟರ್, ಫ್ಲೆಕ್ಸ್ ಬೋರ್ಡು ಯಾವುದನ್ನೂ ನಿಲ್ಲಿಸಲು ಬಿಡಬೇಡಿ. ಅದಕ್ಕೆ ಸುತ್ತಲೂ ತೆರೆದ ಆಕಾಶ ಕಾಣುತ್ತಿರಬೇಕು.