ಉದ್ದೇಶ ಮತ್ತು ಕಾರಣ: ಕುಣಿಗಲ್ ಸೀಮೆಯ ‘-ಕ್ಕೆ’ ಹಾಗೂ ಜಪಾನಿಯ ‘ತಮೆ ನಿ’

ಸಂಸ್ಕೃತ ವ್ಯಾಕರಣ ಪರಂಪರೆಯು ಕಾರಣವನ್ನೂ ಉದ್ದೇಶವನ್ನೂ ಬೇರೆ ಬೇರೆ ವಿಭಕ್ತಿಗಳಿಗೆ ಒಪ್ಪಿಸಿದೆ. ಹೇತುವಿಗೆ ತೃತೀಯೆಯನ್ನು ಪಾಣಿನಿಯ ‘ಹೇತೌ’ (2.3.23) ಸೂತ್ರವು ವಿಧಿಸಿದರೆ, ತಾದರ್ಥ್ಯಕ್ಕೆ ಚತುರ್ಥಿಯನ್ನು ವಾರ್ತಿಕವು ಹೇಳುತ್ತದೆ. ಈ ವಿಭಜನೆಯನ್ನು ಕನ್ನಡದ ಆಡುಮಾತಿಗೆ ಹಾಗೆಯೇ ಅನ್ವಯಿಸಲು ಬಾರದೆಂಬುದು ನಮ್ಮ ನಿಲುವು.

ಕೊತ್ತಗೆರೆ ಸೇರಿದಂತೆ ಕುಣಿಗಲ್ ಸೀಮೆಯ ಮಾತಿನಲ್ಲಿ ‘ಮಳೆಗೆ ಪೂಜೆ ಮಾಡಿದ್ರು’ ಎಂಬುದು ಉದ್ದೇಶ, ‘ಮಳೆಗೆ ಗೋಡೆ ಬಿತ್ತು’ ಎಂಬುದು ಕಾರಣ; ವಿಭಕ್ತಿ ಒಂದೇ. ‘ಯಾಕೆ’, ‘ಅದಕ್ಕೇ’ ಎಂಬ ಪದಗಳಲ್ಲಿಯೂ ಚತುರ್ಥಿಯೇ ಇದೆ. ಕ್ರಿಯಾಪದದೊಡನೆಯೂ ಹೀಗೆಯೇ: ‘ರಾಗಿ ತರೋದಕ್ಕೆ ಹೋದ’, ‘ತಡವಾಗಿ ಬಂದಿದ್ದಕ್ಕೆ ಬೈದ್ರು’.

ಜಪಾನಿ ಭಾಷೆಯ ‘ತಮೆ ನಿ’ ಇದಕ್ಕೆ ಸಮೀಪದ ಹೋಲಿಕೆ. ‘ಹೊನ್ ಒ ಕಉ ತಮೆ ನಿ’ ಎಂದರೆ ಪುಸ್ತಕ ಕೊಳ್ಳಲೆಂದು. ‘ಜಿಕೊ ಗ ಅತ್ತ ತಮೆ ನಿ’ ಎಂದರೆ ಅಪಘಾತವಾದುದರಿಂದ. ಭೂತರೂಪವು ಕಾರಣದ ಅರ್ಥವನ್ನು ತರುತ್ತದೆ. ಆದರೆ ಕಾಲವೊಂದೇ ನಿರ್ಣಾಯಕವಲ್ಲ. ‘ಒಕನೆ ಗ ನಇ ತಮೆ ನಿ’ ಎಂಬಲ್ಲಿ ಭೂತಕಾಲವಿಲ್ಲ. ಹಣವಿಲ್ಲದಿರುವುದು ಇಚ್ಛಾಧೀನವಲ್ಲದ ಸ್ಥಿತಿಯಾದ್ದರಿಂದ ಕಾರಣವೇ ಸಿದ್ಧಿಸುತ್ತದೆ. ಕನ್ನಡದಲ್ಲಿಯೂ ‘ದಿನಾ ಕುಡಿಯೋದಕ್ಕೆ ಬೈತಾರೆ’ ಎಂಬುದು ಭೂತರೂಪವಿಲ್ಲದೆಯೇ ಕಾರಣವನ್ನು ಹೇಳಬಲ್ಲದು.

ಹಾಗಿದ್ದರೆ ಇಲ್ಲಿರುವುದು ಸಂದರ್ಭದಿಂದ ಬೇರ್ಪಡುವ ಒಂದೇ ಅರ್ಥವೋ, ಅಥವಾ ಎರಡು ರಚನೆಗಳೋ? ಉತ್ತರದ ಸುಳಿವು ಒಂದು ಸಂಕೋಚನದಲ್ಲಿದೆ ಎಂದು ನಮಗೆ ತೋರುತ್ತದೆ. ‘ಕುಡಿಯೋದಕ್ಕೆ’ ಎಂಬುದು ‘ಕುಡಿಯೋಕೆ’ ಎಂದು ಕುಗ್ಗಿದೊಡನೆ ಕಾರಣದ ಅರ್ಥವು ಉಳಿಯುವುದಿಲ್ಲ. ‘ದಿನಾ ಕುಡಿಯೋಕೆ ಬೈತಾರೆ’ ಎಂದರೆ ಕುಡಿಯುವ ಸಲುವಾಗಿ ಬೈಯುತ್ತಾರೆಂಬ ವಿಚಿತ್ರಾರ್ಥವೇ ಬರುತ್ತದೆ. ‘ಕುಡಿಯೋಕೆ ಆಗಲ್ಲ’ ಎಂಬಲ್ಲಿ ಕಾಣುವಂತೆ ಕುಗ್ಗಿದ ರೂಪವು ಭಾವರೂಪವಾಗಿ ನೆಲೆಗೊಂಡಿದೆ. ಪೂರ್ಣರೂಪವು ಇನ್ನೂ ನಾಮವಾಗಿ, ಚತುರ್ಥಿಯ ಎರಡು ಅರ್ಥಗಳನ್ನೂ ಉಳಿಸಿಕೊಂಡಿದೆ. ಆದ್ದರಿಂದ ಇವನ್ನು ಕೇವಲ ಉಚ್ಚಾರಭೇದವೆಂದು ಕೋಶಗಳಲ್ಲಿ ಒಟ್ಟಿಗೆ ನಮೂದಿಸುವುದು ಸರಿಯಲ್ಲ. ‘ತಮೆ ನಿ’ಯಲ್ಲಿ ಇಂತಹ ರೂಪಭೇದದ ನೆರವಿಲ್ಲ.

ಕರ್ತೃ ಬೇರೆಯಾದಾಗ ಚಿತ್ರ ಬದಲಾಗುತ್ತದೆ. ‘ತೆಂಗು ಕಾಯಿ ಬಿಡಲಿ ಅಂತ ಗೊಬ್ಬರ ಹಾಕಿದ್ರು’ ಎಂಬಲ್ಲಿ ಜಪಾನಿಯು ‘ತಮೆ ನಿ’ಯನ್ನು ಬಿಟ್ಟು ‘ಯೋ ನಿ’ಯನ್ನು ಆಶ್ರಯಿಸುತ್ತದೆ. ಕನ್ನಡದ ‘ಅಂತ’ ಕಾರಣಕ್ಕೂ ಸಲ್ಲುತ್ತದೆ: ‘ಮಳೆ ಬರ್ತದೆ ಅಂತ ರಾಗಿ ಒಕ್ಕಲಿಲ್ಲ’. ಉದ್ದೇಶವನ್ನು ಕಾರಣದಿಂದ ಬೇರ್ಪಡಿಸುವುದು ಇಲ್ಲಿ ‘-ಲಿ’ ಎಂಬ ವಿಧ್ಯರ್ಥವೇ. ಈ ಕಾರಣದ ಸತ್ಯಾಸತ್ಯಕ್ಕೆ ಮಾತನಾಡುವವನು ಹೊಣೆಯಲ್ಲ. ಅದು ಒಕ್ಕದವನ ಮನಸ್ಸಿನ ಕಾರಣ. ಮುಂದೆ ‘ಆದರೆ ಮಳೆ ಬರಲೇ ಇಲ್ಲ’ ಎಂದರೂ ವಿರೋಧವಿಲ್ಲ. ‘ಮಳೆ ಬಂದಿದ್ದಕ್ಕೆ’ ಎಂದ ಬಳಿಕ ಹಾಗೆನ್ನಲಾಗದು. ಜಪಾನಿಯಲ್ಲಿ ಇದನ್ನು ‘ತೊ ಒಮೊತ್ತೆ’ ಎಂದು, ಭಾವಿಸುವ ಕ್ರಿಯೆಯನ್ನೇ ಸೇರಿಸಿ ಹೇಳುವುದು ರೂಢಿ. ಅನುವಾದಕರು ಅದನ್ನು ‘ಎಂದು ಯೋಚಿಸಿ’ ಎಂದು ಬಿಡಿಸಬೇಕಿಲ್ಲ, ‘ಅಂತ’ ಎಂದರೆ ಸಾಕು.