ಹಳೆಯ ಜೀಪು: ಅಸಲಿ ಯಾವುದು?

ಕೊಡಗಿನ ಕಾಫಿ ತೋಟಗಳ ಕಡಿದಾದ ದಾರಿಗೆ ಒಗ್ಗಿಹೋದ ವಾಹನವೆಂದರೆ ಜೀಪು. ಹಳೆಯದೊಂದು ಹರಾಜಿಗೆ ಬಂದಾಗ ಅದರ ಹಸಿರು ಬಣ್ಣ, ಬಾನೆಟ್ಟಿನ ಬಿಳಿ ನಕ್ಷತ್ರ ನೋಡಿ ಎರಡನೇ ಮಹಾಯುದ್ಧದ್ದೆಂದು ನಂಬುವವರುಂಟು. ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು!

ಪರಿಣತರು ಮೊದಲು ನೋಡುವುದು ಮುಂಭಾಗದ ಜಾಲರಿ. ಯುದ್ಧಕಾಲದ ಜೀಪುಗಳಲ್ಲಿ ಸಾಮಾನ್ಯವಾಗಿ ಒಂಬತ್ತು ಸೀಳುಗಳಿದ್ದರೆ, ಅನಂತರದ ನಾಗರಿಕ ಮಾದರಿಗಳಲ್ಲಿ ಏಳು. ಸ್ವಾತಂತ್ರ್ಯಾನಂತರ ಮಹೀಂದ್ರ ಕಂಪನಿ ಇಲ್ಲಿ ಜೋಡಿಸತೊಡಗಿದ್ದು ಈ ನಾಗರಿಕ ಜೀಪನ್ನೇ. ಆದರೆ ಜಾಲರಿಯನ್ನೂ ಬದಲಿಸಬಹುದಲ್ಲ? ಆದ್ದರಿಂದ ಬಗ್ಗಿ ಚಾಸಿಸ್ ನೋಡಬೇಕು. ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಮುಂದಿನ ಅಡ್ಡಪಟ್ಟಿ ದುಂಡು ಕೊಳವೆ. ಅದೇ ನಕ್ಷೆಯಂತೆ ಫೋರ್ಡ್ ತಯಾರಿಸಿದ್ದರಲ್ಲಿ ಅದು ಚೌಕಾಕಾರ. ಫೋರ್ಡ್ ಅಂತೂ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತುತ್ತಿತ್ತು.

ನಿಜವಾದ ತಕರಾರು ಎಂಜಿನ್ನಿನದು. ಪೆಟ್ರೋಲಿನ ಖರ್ಚು ತಾಳದೆ ತೋಟದವರು ಡೀಸೆಲ್ ಎಂಜಿನ್ ಕೂರಿಸಿದ್ದುಂಟು. ಎಷ್ಟೋ ಜೀಪುಗಳು ಗುಜರಿ ಸೇರದೆ ಉಳಿದದ್ದು ಇದರಿಂದ. ಸಂಗ್ರಾಹಕರು ಬೆಲೆ ಇಳಿಸುವುದೂ ಇದರಿಂದಲೇ. ಇದು ತುಸು ಅನ್ಯಾಯವೇ ಸರಿ. ಆದರೆ 2021ರ ಕೇಂದ್ರ ನಿಯಮವೂ ಸಂಗ್ರಾಹಕರ ಪಕ್ಷವೇ: 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು; ಆಗಲೇ ವಿಂಟೇಜ್ ನೋಂದಣಿ. ಹಾಗೆ ನೋಂದಣಿಯಾದ ಜೀಪನ್ನು ರಸ್ತೆಯಲ್ಲಿ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.